ಜಿಜಾನಿನ ದೋಣಿ ಸಂತೆ ಮತ್ತು ನನ್ನ ಜ್ವರ

ಕೆಲವರು ಜೀವನವಿಡೀ ಸುಳ್ಳು ಹೇಳಿ ದಕ್ಕಿಸಿಕೊಳ್ಳುತ್ತಾರೆ. ನಾನು ವರ್ಷಕ್ಕೊಂದು ಹೇಳುತ್ತೇನೆ, ಅದೂ ಸಂಜೆಯೊಳಗೆ ನನ್ನ ಕುತ್ತಿಗೆಗೇ ಬರುತ್ತದೆ. ಎಂಬತ್ತರ ದಶಕದಲ್ಲಿ ಸೌದಿಯ ಜಿಜಾನಿನಲ್ಲಿ ಸ್ಟೋರ್ ಕೀಪರ್ ಆಗಿದ್ದಾಗ ಹೇಳಿದ ಸುಳ್ಳಂತೂ ಸಂಜೆಯವರೆಗೂ ಕಾಯಲಿಲ್ಲ.

ಎಲ್ಲ ಕಾಯಿಲೆ

ಆಗ ನಾನು ಊರಿಗೆ ಹೋಗಲು ದಿನ ಎಣಿಸುತ್ತಿದ್ದೆ. ಎಂಟು ತಿಂಗಳ ಮಗಳ ಮುಖ ಇನ್ನೂ ನೋಡಿರಲಿಲ್ಲ. ಟಿಕೆಟ್ ಆಗಿತ್ತು, ಆದರೆ ರಜೆಯ ಕಾಗದಕ್ಕೆ ಕಫೀಲನ, ಅಂದರೆ ನಮ್ಮ ಅರಬಿ ಧಣಿಯ, ಸಹಿ ಬಿದ್ದಿರಲಿಲ್ಲ. ಪಾಸ್‌ಪೋರ್ಟೂ ಅವನ ಕಪಾಟಿನಲ್ಲೇ. ಅವನ ಮನಸ್ಸು ಕೆಡುವಂಥದ್ದು ಏನೂ ಆಗದಿರಲಿ ಎಂದು ನಾನು ಕೆಮ್ಮುವಾಗಲೂ ಬಾಯಿಗೆ ಕೈ ಹಿಡಿಯುತ್ತಿದ್ದೆ.

ಅಂಥ ಹೊತ್ತಿನಲ್ಲೇ ಭಾವ ಬಂದರು. ನನ್ನ ಹೆಂಡತಿಯ ಅಣ್ಣ. ಸೌದಿಯ ಇನ್ನೊಂದು ಮೂಲೆಯ ಅಲ್ ಖಫ್ಜಿಯಲ್ಲಿ ಕೆಲಸ. ತಂಗಿಗೂ ಮಗುವಿಗೂ ಒಂದು ಪೆಟ್ಟಿಗೆ ಸಾಮಾನು ಕಳಿಸಲು ಎರಡು ದಿನ ಬಸ್ಸಿನಲ್ಲಿ ಕೂತು ಬಂದಿದ್ದರು. ಕುತ್ತಿಗೆಯಲ್ಲಿ ಹೊಸ ಕ್ಯಾಮೆರಾ.

"ನನ್ನ ರೂಮಿನಲ್ಲಿ ಒಬ್ಬ ಥಾಯ್ಲೆಂಡಿನವ ಇದ್ದಾನೆ ಮಾರಾಯ. ಅವರ ಊರಲ್ಲಿ ನೀರಿನ ಮೇಲೆಯೇ ಸಂತೆಯಂತೆ, ದಿನಾ ಫೋಟೋ ತೋರಿಸಿ ತಲೆ ತಿಂತಾನೆ. ಜಿಜಾನಿನಲ್ಲೂ ಉಂಟು ಅಂತ ನಾನು ಹೇಳಿ ಆಗಿದೆ. ಫೋಟೋ ಇಲ್ಲದೆ ವಾಪಸ್ ಹೋದರೆ ನನ್ನ ಮರ್ಯಾದೆ ಎಂತ ಆಗಬೇಕು?"

ಉಂಟು ಎನ್ನುವುದು ಪೂರ್ತಿ ಸುಳ್ಳಲ್ಲ. ಗುರುವಾರ ಬೆಳಿಗ್ಗೆ ದ್ವೀಪಗಳ ಕಡೆಯಿಂದ ದೋಣಿಗಳು ಬಂದು ಹಳೇ ದಕ್ಕೆಯಲ್ಲಿ ಒಂದಕ್ಕೊಂದು ಕಟ್ಟಿ ನಿಲ್ಲುತ್ತಿದ್ದವು. ಮಾರುವವರು ಕೆಳಗಿಳಿಯುತ್ತಿರಲಿಲ್ಲ, ಕೊಳ್ಳುವವರೇ ದೋಣಿಯಿಂದ ದೋಣಿಗೆ ದಾಟಿ ಮೀನು, ಒಣಮೀನು, ಮಲ್ಲಿಗೆ ಕೊಳ್ಳಬೇಕು. ತೊಂದರೆ ಏನೆಂದರೆ ಗುರುವಾರ ನಮಗೆ ಕೆಲಸದ ದಿನ. ಭಾವನಿಗೋ ಶುಕ್ರವಾರ ಮುಂಜಾನೆಯೇ ಬಸ್ಸು.

ಹೆಂಡತಿಯ ಅಣ್ಣನಿಗೆ ಇಲ್ಲ ಅನ್ನುವುದು ಹೇಗೆ? ಆಫೀಸಿನ ಸುಡಾನಿ ಗುಮಾಸ್ತನಿಗೆ ಫೋನ್ ಮಾಡಿ, "ಜ್ವರ" ಅಂದೆ.

"ಹೊಟ್ಟೆ?" ಅಂದ. ಇರಲಿ ಎಂದು, "ಹೊಟ್ಟೆಯೂ" ಅಂದೆ.

"ತಲೆನೋವು?"

"ಅದೂ."

"ಸೊಂಟ?"

"ನಿನ್ನೆಯಿಂದ."

ಅವನು ಕೇಳಿದ, "ಹಾಗಾದರೆ ಫೋನ್ ಮಾಡುತ್ತಿರುವುದು ಯಾರು?"

ಸಿಪಾಯಿಯ ಫೋಟೋ

ದಕ್ಕೆಗೆ ಹೋದೆವು. ಭಾವ ಹುಡುಗರ ಹಾಗೆ ದೋಣಿಯಿಂದ ದೋಣಿಗೆ ಹಾರುತ್ತಿದ್ದರು. ಪ್ರತಿ ಮೀನಿನ ಕಿವಿರು ಎತ್ತಿ ನೋಡುವುದು, "ಇದು ನಿನ್ನೆಯದ್ದು" ಎಂದು ತುಳುವಿನಲ್ಲಿ ಬೈಯುವುದು, ಏನೂ ಕೊಳ್ಳದೆ ಮುಂದಿನ ದೋಣಿ. ನಾನು ಮಾತ್ರ ಪರಿಚಯದ ಮುಖ ಯಾವುದಾದರೂ ಕಂಡೀತೆಂದು ತಲೆಗೆ ಟವೆಲು ಸುತ್ತಿ, ಬೆನ್ನು ಬಗ್ಗಿಸಿ ನಡೆಯುತ್ತಿದ್ದೆ. ಹೇಳಿದ ಸೊಂಟನೋವು ನಿಜಕ್ಕೂ ಬಂತು.

"ಭಾವ, ಬಂದರಿನಲ್ಲಿ ಫೋಟೋ ತೆಗೆಯಬಾರದು. ಹಿಡಿದರೆ ಇಕಾಮಾ ಪರ್ಮಿಟ್ಟು ಕೇಳುತ್ತಾರೆ, ಕಫೀಲನಿಗೆ ಫೋನ್ ಹೋಗುತ್ತದೆ" ಅಂದೆ. ಅಷ್ಟರಲ್ಲಿ ಕ್ಲಿಕ್ ಅಂದಾಗಿತ್ತು.

ಮೂರು ದೋಣಿ ಆಚೆಯಿಂದ ಒಬ್ಬ ಸಿಪಾಯಿ ಕೂಗುತ್ತಾ ನಮ್ಮತ್ತಲೇ ಬಂದ. ನನ್ನ ಮಗಳು ನನ್ನನ್ನು ಕಾಣದೆಯೇ ಶಾಲೆಗೆ ಸೇರುವುದು, ಅವಳಿಗೆ ಮದುವೆಯಾಗುವುದು ಎಲ್ಲ ಕಣ್ಣ ಮುಂದೆ ಹಾದುಹೋಯಿತು.

ಸಿಪಾಯಿ ಬಂದವನೇ ಒಂದು ದೊಡ್ಡ ಅಂಜಲ್ ಮೀನನ್ನು ಎತ್ತಿ ಎದೆಗೆ ಅಪ್ಪಿಕೊಂಡ. "ಯಲ್ಲಾ, ತೆಗೆ" ಅಂದ.

ಭಾವ ತೆಗೆದರು. ಸಿಪಾಯಿಗೆ ಸಮಾಧಾನವಿಲ್ಲ, ಕಣ್ಣು ಮುಚ್ಚಿಹೋಯಿತೇನೋ ಎಂದು ನನ್ನನ್ನು ಸಾಕ್ಷಿ ಕೇಳಿದ. ನಾನೇನು ಹೇಳಲಿ? ಆಗ ನನ್ನ ಕಣ್ಣೂ ಮುಚ್ಚಿತ್ತು.

ಟಾರ್ಪಾಲಿನ ಕೆಳಗೆ

ಇನ್ನು ಸಾಕು ಎಂದು ಭಾವನ ಕೈ ಹಿಡಿದು ಎಳೆಯುವಾಗ ದಕ್ಕೆಯ ತುದಿಯಲ್ಲಿ ಬಿಳಿ ಪಿಕಪ್ ನಿಂತಿತು. ಅದರಿಂದ ಇಳಿದವನು ಸಾಕ್ಷಾತ್ ನಮ್ಮ ಕಫೀಲ.

ನಾನು ಯೋಚಿಸಲೇ ಇಲ್ಲ. ಕಾಲಬುಡದಲ್ಲಿದ್ದ ಟಾರ್ಪಾಲು ಎತ್ತಿ ಒಳಗೆ ನುಗ್ಗಿದೆ. ಒಳಗೆ ನನಗಿಂತ ಮೊದಲೇ ಒಂದು ಬುಟ್ಟಿ ಏಡಿ ಇತ್ತು.

ಕಫೀಲ ನೇರ ಅದೇ ದೋಣಿಗೆ ಬಂದು ದೋಣಿಯವನನ್ನು ಕೇಳಿದ, "ಕಾಯಿಲೆಯವನಿಗೆ ಯಾವ ಮೀನು ಒಳ್ಳೆಯದು?"

ದೋಣಿಯವನಿಗಿಂತ ಮೊದಲೇ ಭಾವ ಬಾಯಿ ಹಾಕಿದರು. ಅವರಿಗೆ ನನ್ನ ಕಫೀಲನ ಮುಖ ಪರಿಚಯವಿಲ್ಲ. "ಕಾಯಿಲೆಗೆ ಈ ಸಣ್ಣ ಬಿಳಿ ಮೀನು. ನಮ್ಮಲ್ಲಿ ಕಾಣೆ ಅನ್ನುತ್ತೇವೆ. ಕಾಳುಮೆಣಸು, ಉಪ್ಪು, ಅಷ್ಟೇ. ಎಂಥ ಜ್ವರವೂ ನಿಲ್ಲುವುದಿಲ್ಲ. ರೋಗಿ ಯಾರು?"

"ನನ್ನ ಸ್ಟೋರ್ ಕೀಪರ್, ಇಂಡಿಯಾದವ. ಪಾಪ, ತಲೆಯಿಂದ ಸೊಂಟದವರೆಗೆ ಎಲ್ಲ ಕೆಟ್ಟಿದೆಯಂತೆ. ರೋಗಿಯನ್ನು ನೋಡಿ ಬರುವುದು ನಮಗೆ ಪುಣ್ಯದ ಕೆಲಸ. ಈಗಲೇ ಅವನ ರೂಮಿಗೆ ಹೊರಟೆ."

ಭಾವನಿಗೆ ಆಗ ಹೊಳೆಯಿತು. ಆಮೇಲೆ ಜೋರಾಗಿ ಶುರು ಮಾಡಿದರು: ಈ ಮೀನು ಬೇಡ, ಆ ದೋಣಿಯದು ತಾಜಾ, ಅಲ್ಲ ಅದರಾಚೆಯದು, ಬನ್ನಿ ತೋರಿಸುತ್ತೇನೆ! ಹಾಗೆ ಕಫೀಲನನ್ನು ಐದು ದೋಣಿ ದೂರ ಒಯ್ದರು.

"ಅವನಿಗೆ ಬೇಗ ಗುಣವಾಗಲಿ" ಎಂದು ಕಫೀಲ ಹೇಳುತ್ತಾ ಹೋದದ್ದು ಕೇಳಿಸಿತು. ನಾನೂ "ಆಮೀನ್" ಅನ್ನುತ್ತಿದ್ದೆ, ಆದರೆ ಅಷ್ಟರಲ್ಲಿ ಏಡಿ ಕಚ್ಚಿ ಬಾಯಿಂದ ಬೇರೆ ಮಾತು ಬಂತು.

ಗುಣ

ಓಡಿದೆ. ರೂಮಿಗೆ ಬಂದು ಪ್ಯಾಂಟು, ಶೂ ಸಮೇತ ಕಂಬಳಿ ಹೊದ್ದು ಮಲಗಿದ್ದಷ್ಟೇ, ಬಾಗಿಲು ಬಡಿದ ಸದ್ದು. ಕಫೀಲ ಒಳಗೆ ಬಂದು ನನ್ನ ಹಣೆ ಮುಟ್ಟಿದ. ಓಡಿ ಬಂದ ಹಣೆ, ಕಾದ ಕಾವಲಿಯ ಹಾಗಿತ್ತು. ಬೆವರೂ ಸುರಿಯುತ್ತಿತ್ತು.

"ಬೆಂಕಿ! ಬೆಂಕಿ!" ಎಂದು ಕೈ ತೆಗೆದ. ಅವನ ಮುಖದಲ್ಲಿ ನಿಜವಾದ ಮರುಕವಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದ. ನನ್ನ ರಜೆಯ ಕಾಗದ.

"ಸಹಿ ಹಾಕಿ ನಿನಗೆ ಖುಷಿ ಮಾಡೋಣವೆಂದು ತಂದಿದ್ದೆ. ಆದರೆ ಈ ಸ್ಥಿತಿಯಲ್ಲಿ ವಿಮಾನ ಹತ್ತಿಸಿದರೆ ಪಾಪ ನನಗೆ ಬರುತ್ತದೆ. ಪೂರ್ತಿ ಗುಣವಾಗಲಿ. ಮೂರು ತಿಂಗಳು ಬಿಟ್ಟು ನೋಡೋಣ." ಕಾಗದ ಮಡಚತೊಡಗಿದ.

ಮೂರು ತಿಂಗಳು! ನಾನು ಕಂಬಳಿ ಒದ್ದು ಎದ್ದೆ. ಮೂಲೆಯಲ್ಲಿದ್ದ ಅಕ್ಕಿ ಮೂಟೆಯನ್ನು ಹೆಗಲಿಗೆ ಹೊತ್ತು, ಶೂ ಹಾಕಿದ ಕಾಲಿನಲ್ಲೇ ಮಂಚದ ಸುತ್ತ ಎರಡು ಸುತ್ತು ಓಡಿದೆ. "ನೋಡಿ, ಗುಣವಾಯಿತು! ಪೂರ್ತಿ ಗುಣ!"

ಕಫೀಲ ಬಾಯಿ ತೆರೆದು ನಿಂತ. ನನ್ನನ್ನು ನೋಡಿದ, ಕೈಯಲ್ಲಿದ್ದ ಮೀನಿನ ಕಟ್ಟನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಗೋಡೆಗೆ ಕಾಗದ ಒತ್ತಿ ಸಹಿ ಹಾಕಿ ನನ್ನ ಕೈಗಿತ್ತ.

ಅಷ್ಟರಲ್ಲಿ ಭಾವ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. ಸಿಕ್ಕಿಬಿದ್ದೆವು ಎಂದುಕೊಂಡು ನಾನು ಮೂಟೆ ಕೆಳಗೆ ಹಾಕಿದೆ. ಕಫೀಲ ಭಾವನ ಎರಡೂ ಕೈ ಹಿಡಿದುಕೊಂಡ.

"ಹಕೀಮರೇ! ಎಂಥ ಮೀನು ಹೇಳಿಕೊಟ್ಟಿರಿ! ಇನ್ನೂ ಬೇಯಿಸಲೂ ಇಲ್ಲ, ಇವನು ಮೂಟೆ ಹೊತ್ತು ಓಡುತ್ತಿದ್ದಾನೆ! ನನ್ನ ತಾಯಿಗೆ ಮೊಣಕಾಲು ನೋವು. ಅದಕ್ಕೆ ಯಾವುದು, ಹೇಳಿ."