ಕಾಯಿ ಕಟ್ಟಿದ ಕಾರು

ಬೆಳಿಗ್ಗೆ ಎದ್ದ ತಕ್ಷಣ ಎಲ್ಲರೂ ದೇವರ ಮುಖ ನೋಡಿದರೆ ನಾನು ಕಾರಿನ ಮುಖ ನೋಡುತ್ತಿದ್ದೆ. ಇವತ್ತು ಹೊರಡ್ತೀಯೋ, ಮಾನ ಕಳೀತೀಯೋ? ಹಳೇ ಡೀಸೆಲ್ ಕಾರು ಸಾಕಿದವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತೆ ಅನ್ನಿ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ, ತಂಗಿಯ ಮದುವೆ ಗೊತ್ತಾದ ವರ್ಷ, ಅದು ನನಗೆ ಕೊಟ್ಟ ಕಾಟ ಶತ್ರುವಿಗೂ ಬೇಡ.

ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ ಇರಲಿಲ್ಲ. ತಂಗಿಯನ್ನು ಒಳ್ಳೇ ಮನೆ ಸೇರಿಸೋ ಜವಾಬ್ದಾರಿಯೆಲ್ಲ ನನ್ನ ತಲೆ ಮೇಲೇ ಇತ್ತು.

೧. ಮರ್ಯಾದಸ್ಥ ಬೀಗರು

ಗಂಡಿನ ಮನೆ ನೋಡೋಕೆ ಅಮ್ಮ, ನಾನು, ನನ್ನ ಹೆಂಡತಿ ಚಿಂತಾಮಣಿಗೆ ಹೋದೆವು. ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗೋ ಭರವಸೆ ಇಲ್ಲ. ಅದಕ್ಕೇ ಬಾಗಿಲಲ್ಲಿ ಗುಡುಗುಡು ಅನ್ನಿಸಿಕೊಂಡೇ ಬಿಟ್ಟು ಒಳಗೆ ಹೋದೆ. ಬಾಯಲ್ಲಿ ಉಪ್ಪಿಟ್ಟು, ಕಿವಿ ಬೀದಿಯಲ್ಲಿ.

ಗಂಡಿನ ಅಪ್ಪ ಹೇಳಿದರು: "ನಮಗೇನೂ ಬೇಡ ಮೇಷ್ಟ್ರೇ. ಒಂದೇ ಮಾತು. ಸೊಸೆ ನಿಮ್ಮ ಕಾರಲ್ಲಿ ಬರ್ಬೇಕು, ರಾಹುಕಾಲಕ್ಕೆ ಮುಂಚೆ ನಮ್ಮ ಹೊಸ್ತಿಲು ದಾಟ್ಬೇಕು." ನಾನು ಹೂಂ ಅಂದೆ. ಅಷ್ಟರಲ್ಲಿ ಅವರು ಕಿವಿಗೊಟ್ಟು, "ಪಾಪ, ಆರಿಸೋದು ಮರೆತಿದ್ದೀರಿ, ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂತ ತಾವೇ ಎದ್ದು ಹೋದರು.

ನಮ್ಮ ಗಾಡಿ ಬರೀ ಕೀ ತಿರುಗಿಸಿದರೆ ನಿಲ್ಲೋದಲ್ಲ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಕರೀ ಗುಂಡಿ ಇತ್ತು. ಅದನ್ನು ಕೆಳಕ್ಕೆ ಎಳೆದರೆ ಡೀಸೆಲ್ ಬಂದ್ ಆಗಿ ಎಂಜಿನ್ ಆರುತ್ತಿತ್ತು. ಇವರಿಗೆಲ್ಲಿ ಗೊತ್ತಿರುತ್ತೆ ಅಂತ ಧೈರ್ಯ ತಂದುಕೊಂಡೆ. ಆದರೆ ಆ ಮನೇಲಿ ಟ್ರ್ಯಾಕ್ಟರ್ ಇತ್ತು, ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗುಡುಗುಡು ನಿಂತಿತು. ನನ್ನ ಎದೆಯೂ ನಿಂತಂತಾಯಿತು. ಹೊರಡುವಾಗ ಬೀಗರು, ಬೀಗಿತ್ತಿ, ಹೊಸಾ ಅಂಗಿ ಹಾಕಿಕೊಂಡಿದ್ದ ಮದುವೆ ಗಂಡು, ಎಲ್ಲರೂ ಸೇರಿ ತಳ್ಳಿದರು. ದಾರಿಯಲ್ಲಿ ನಾನು ನಾಚಿಕೆಯಿಂದ ಸಾಯುತ್ತಿದ್ದರೆ ಅಮ್ಮ ಹೇಳಿದರು: "ಹುಡುಗ ಗಟ್ಟಿಮುಟ್ಟಾಗಿದ್ದಾನೆ ಕಣೋ. ಅವನು ಕೈ ಹಾಕಿದ್ಮೇಲೇ ಗಾಡಿ ಹೊರಟಿದ್ದು. ಒಪ್ಪಿಗೆ ಅಂತ ಹೇಳ್ಬಿಡು."

೨. ಮೆಕ್ಯಾನಿಕ್ ಮುಂದೆ

ಹುಡುಗನಿಗೆ ಅಮ್ಮ ಒಪ್ಪಿದರು, ಆದರೆ ಕಾರಿಗೆ ದೃಷ್ಟಿಯಾಗಿದೆ ಅಂತ ತೀರ್ಮಾನಿಸಿದರು. ಒಂದು ಸಣ್ಣ ತೆಂಗಿನಕಾಯಿಯನ್ನು ಮನೆದೇವರ ಮುಂದಿಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿ ತಂದರು. ಮುಂದಿನ ಬಂಪರಿಗೆ ಕಟ್ಟಿದರೆ ಬೀದಿ ಮೇಕೆಗಳು ಬಟ್ಟೆ ಸಮೇತ ಎಳೆದಾಡುತ್ತವೆ ಅಂತ ಕಾರಿನೊಳಗೇ, ಕೈಗೆ ಸಿಕ್ಕ ಗುಂಡಿಗೆ ನೇತುಹಾಕಿದರು. "ದೇವರ ಕಾಯಿ, ಅದನ್ನ ಎಳೆದೀಯಾ ಜೋಕೆ!" ಅಂತ ಆಣೆ ಬೇರೆ. ಅವತ್ತಿಂದ ನಾನು ಗುಂಡಿ ಮುಟ್ಟದೆ, ಗೇರಿನಲ್ಲೇ ಬ್ರೇಕ್ ಒತ್ತಿ ಕುಕ್ಕಿ ಎಂಜಿನ್ ಆರಿಸುತ್ತಿದ್ದೆ.

ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಸಾಬರು ಎಂಜಿನ್ ಬಿಸಿ ಮಾಡೋ ಹೀಟರ್ ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು. ಮನೆಗೆ ತಂದರೆ ಮತ್ತೆ ಅದೇ ಕಥೆ. ತಳ್ಳಿದರೆ ಹೊರಡುತ್ತೆ, ಇಲ್ಲದಿದ್ದರೆ ಕುಯ್ಯೋ ಅನ್ನುತ್ತೆ. ಸಾಬರ ಹತ್ತಿರ ಒಯ್ದರೆ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್!

ಸಾಬರು ಬಹಳ ಒಳ್ಳೇ ಮನುಷ್ಯ. ಚಪ್ಪಲಿ ಕಾಲು ತಗಲೀತು ಅಂತ ಕೂರೋ ಮುಂಚೆ ಕಾಯಿಯನ್ನು ಎರಡೂ ಕೈಯಲ್ಲಿ ಬಿಚ್ಚಿ ಸೀಟಿನ ಮೇಲಿಡೋರು. ಕೆಲಸ ಮುಗಿದ ಮೇಲೆ ಅಷ್ಟೇ ಭಕ್ತಿಯಿಂದ ಮತ್ತೆ ಕಟ್ಟೋರು. ಮೂರನೇ ಸಲ ಹೋದಾಗ ಅವರಿಗೂ ತಲೆ ಕೆಟ್ಟಿತು.

"ಗಾಡೀಲಿ ಏನೂ ಇಲ್ಲ ಮೇಷ್ಟ್ರೇ. ನನ್ ಕೈಲಿ ಆಗ್ತದೆ, ನಿಮ್ ಕೈಲಿ ಆಗಲ್ಲ ಅಂದ್ರೆ ಒಂದ್ಸಲ ನೀವೇ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಕೊಳ್ಳಿ."

೩. ಕಾರಲ್ಲೇ ಕೂತ ಕರೆಯೋಲೆ

ಲಗ್ನಪತ್ರಿಕೆ ಹಂಚೋಕೆ ಹೊರಟೆವು. ಮಂಚೇನಹಳ್ಳಿಯಿಂದ ಗೌರಿಬಿದನೂರಿನವರೆಗೆ ಅಮ್ಮ, ಹೆಂಡತಿ ಮನೆಮನೆಗೆ ಇಳಿದು ಕುಂಕುಮ ಕೊಟ್ಟು ಕರೆದು ಬರೋರು. ನಾನು ಕಾರಲ್ಲೇ ಕೂತು, ಕಾಲು ಆಕ್ಸಿಲರೇಟರ್ ಮೇಲೆ ಇಟ್ಟುಕೊಂಡು ಎಲ್ಲರಿಗೂ ಕಿಟಕಿಯಿಂದಲೇ ಕೈ ಮುಗಿಯುತ್ತಿದ್ದೆ. ಒಬ್ಬ ಅತ್ತೆಯಂತೂ ನನಗೆ ಕಾಲಿಗೇನೋ ಆಗಿದೆ ಅಂದುಕೊಂಡು ಅತ್ತೇಬಿಟ್ಟರು. ಒಬ್ಬಟ್ಟನ್ನೂ ಕಿಟಕಿಗೇ ತಂದುಕೊಟ್ಟರು.

ಗೌರಿಬಿದನೂರಿನ ಸೋದರಮಾವ ಮಾತ್ರ ಜಗಲಿ ಬಿಟ್ಟು ಇಳಿಯಲಿಲ್ಲ. "ನೀನು ನಮ್ಮನೆ ಒಳಗೆ ಬರ್ಲಿಲ್ಲ ಅಲ್ವೇನೋ? ಸರಿ. ನಾವೂ ಮದುವೆಗೆ ಬರ್ತೀವಿ. ಛತ್ರದ ಬಾಗಿಲಲ್ಲೇ ನಿಂತಿರ್ತೀವಿ, ಎಲೆ ಅಲ್ಲಿಗೇ ಕಳಿಸು!"

೪. ಹೆಣ್ಣು ಕಳಿಸಿದ್ದು

ಮದುವೆ ಭಾನುವಾರ, ನಮ್ಮೂರ ಛತ್ರದಲ್ಲಿ. ಧಾರೆ, ಊಟ ಎಲ್ಲ ಚೆನ್ನಾಗಿ ಆಯಿತು. ನಾಲ್ಕೂವರೆಗೆ ರಾಹುಕಾಲ. ಚಿಂತಾಮಣಿಗೆ ಒಂದು ಗಂಟೆ ದಾರಿ. ಊರಲ್ಲಿದ್ದ ಬೇರೆ ಕಾರುಗಳೆಲ್ಲ ಬೇರೆ ಮದುವೆಗಳಿಗೆ ಹೋಗಿದ್ದವು.

ಶುಭದಿನ ಅಂತ ಅಮ್ಮ ಬೆಳಿಗ್ಗೆಯೇ ಸಣ್ಣ ಕಾಯಿ ಬಿಚ್ಚಿ, ಜುಟ್ಟು ಸಮೇತ ದಪ್ಪದೊಂದು ಕಾಯಿ ಕಟ್ಟಿದ್ದರು. ತಂಗಿ, ಮದುಮಗ ಹಿಂದೆ ಕೂತರು. ಕೀ ತಿರುಗಿಸಿದೆ. ಕುಯ್ಯೋ. ಮತ್ತೆ ತಿರುಗಿಸಿದೆ. ಕುಯ್ಯೋ. ಬಾಗಿಲಲ್ಲಿ ಮುನಿಸಿಕೊಂಡು ನಿಂತಿದ್ದ ಸೋದರಮಾವನೂ ಕೋಪ ಮರೆತು ತಳ್ಳೋಕೆ ಬಂದರು. ಮದುಮಗ ಪೇಟ ತೆಗೆದಿಟ್ಟು ಇಳಿದರು. ಊಟಕ್ಕೆ ಬಂದಿದ್ದ ಮೆಕ್ಯಾನಿಕ್ ಸಾಬರೂ ಭುಜ ಕೊಟ್ಟರು. ಬೀದಿಯ ಆ ತುದಿಗೆ ತಳ್ಳಿದರು, ಈ ತುದಿಗೆ ತಳ್ಳಿದರು. ತಳ್ಳಿದರೆ ಹೊರಡುತ್ತಿದ್ದ ಗಾಡಿ ಅವತ್ತು ತಳ್ಳಿದರೂ ಇಲ್ಲ.

ಬೀಗರು ಗಡಿಯಾರ ನೋಡುತ್ತಾ ನಿಂತರು. ತಂಗಿ ಮೆಲ್ಲಗೆ, "ಅಣ್ಣ, ನೀನು ಹೆದರ್ಕೋಬೇಡ, ಬಸ್ಸಿಗೆ ಹೋಗ್ತೀವಿ" ಅಂದಳು. ನನಗೆ ಅಳು ಬಂದುಬಿಟ್ಟಿತು. ಅಪ್ಪ ಇಲ್ಲದ ಹುಡುಗಿಗೆ ನಾನು ಇದೊಂದನ್ನೂ ನೆಟ್ಟಗೆ ಮಾಡಲಿಲ್ಲವಲ್ಲ ಅನ್ನಿಸಿತು.

"ಗಾಡಿ ಮುಂದೆ ಒಂದು ಕಾಯಿ ಒಡೀರೋ!" ಅಂತ ಅಮ್ಮ ಕೂಗಿದರು.

ಕಾಯಿ ಎಲ್ಲಿಂದ ತರೋದು? ಇದ್ದಬದ್ದ ಕಾಯಿಗಳೆಲ್ಲ ತಾಂಬೂಲದ ಚೀಲ ಸೇರಿ ನೆಂಟರ ಜೊತೆ ಬಸ್ಸು ಹತ್ತಿದ್ದವು. ಅಮ್ಮ ಆ ಕಡೆ ಈ ಕಡೆ ನೋಡಿ, ಕಾರಿನೊಳಗೆ ಕೈ ಹಾಕಿ, ಕಟ್ಟಿದ್ದ ದಪ್ಪ ಕಾಯಿಯನ್ನೇ ಕಿತ್ತುಕೊಂಡರು. ಕರೀ ಗುಂಡಿ ಟಕ್ ಅಂತ ಮೇಲಕ್ಕೆ ಹೋಯಿತು. ಸಾಬರು ಕಿಟಕಿಯಿಂದ ಗುಂಡಿ ನೋಡಿದರು. ನಾನು ಸಾಬರನ್ನು ನೋಡಿದೆ. ಇಷ್ಟು ದಿನ ಡೀಸೆಲನ್ನು ಅರ್ಧ, ಇವತ್ತು ಪೂರ್ತಿ ಬಂದ್ ಮಾಡಿದ್ದು ದೇವರ ಕಾಯಿ!

ಅಮ್ಮ ಕಾಯಿ ಒಡೆದರು. ನಾನು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಗುಡುಗುಡು.

ಬೀದಿಯೆಲ್ಲ ಹೋ ಅಂತು. ಬೀಗರು ಚಪ್ಪಲಿ ಬಿಟ್ಟು ಕಾರಿಗೆ ಕೈ ಮುಗಿದರು. "ಅಬ್ಬಬ್ಬಾ, ಏಮಿ ಮಹಿಮ! ಎಂಥ ಸತ್ಯದ ದೇವರಪ್ಪ ನಿಮ್ಮದು!" ರಾಹುಕಾಲಕ್ಕೆ ಮುಂಚೆಯೇ ತಂಗಿ ಅವರ ಹೊಸ್ತಿಲು ದಾಟಿದಳು. ನನ್ನ ಜೀವ ವಾಪಸ್ಸು ಬಂತು.

ನಿಜ ಹೇಳೋ ಧೈರ್ಯ ನನಗೂ ಬರಲಿಲ್ಲ, ಸಾಬರಿಗೂ ಬರಲಿಲ್ಲ. ಮಾರನೇ ಬೆಳಿಗ್ಗೆ ಸ್ಕೂಲಿಗೆ ಹೊರಟು ಕಾರಿನ ಬಾಗಿಲು ತೆಗೆದೆ. ದೇವರ ಮೇಲೆ ಭಕ್ತಿ ಹೆಚ್ಚಾಗಿ ಅಮ್ಮ ಅದೇ ಗುಂಡಿಗೆ ಎರಡು ಕಾಯಿ ಕಟ್ಟಿದ್ದರು.