ಗಾಳಿ ತಾಗದ ಪೆಟ್ಟಿಗೆಯೂ ನಾನು ಹೇಳದ ಮಾತೂ

ಬೋರಾನ್ ಅಂದರೆ ಎಂತದು ಅಂತ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಅದರ ದೆಸೆಯಿಂದ ನನ್ನ ಮಾನ ಹೋದದ್ದು ಭಟ್ಕಳದಿಂದ ಕುಮಟಾದವರೆಗೆ ಎಲ್ಲರಿಗೂ ಗೊತ್ತು. ಒಂದು ಫಜೀತಿ ಮುಗಿಯಿತಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ. ನಾನೀಗ ಹೊನ್ನಾವರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವ. ಅದಕ್ಕೂ ಮೊದಲು ಐದು ವರ್ಷ ದೂರದ ಒಂದು ಪ್ರಯೋಗಾಲಯದಲ್ಲಿ ಬೋರಾನಿನ ಹಿಂದೆ ತಿರುಗಿದೆ. ಬೋರಾನಿನ ಹಿಂದೆ ಅಂತ ಅವ್ವನಿಗೆ ಹೇಳಿದ್ದು. ನಿಜ ಹೇಳುವುದಾದರೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕುಮಟಾದ ಹುಡುಗಿಯ ಹಿಂದೆ. ತಿರುಗಿದೆ ಅನ್ನುವುದೂ ದೊಡ್ಡ ಮಾತಾಯಿತು. ಅವಳ ಪಕ್ಕದಲ್ಲಿ ಐದು ವರ್ಷ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅಷ್ಟೇ.

೧. ಬೆಳಕೆಯ ಸರಕು

ನಾವು ಮಾಡುತ್ತಿದ್ದ ಸಂಯುಕ್ತಗಳಿಗೆ ಗಾಳಿಯೂ ಆಗದು, ನೀರಿನ ಪಸೆಯೂ ಆಗದು. ಒಂದು ಉಸಿರು ತಾಗಿದರೆ ಸತ್ತೇ ಹೋದವು. ಅದಕ್ಕೆ ಅಲ್ಲಿ ಗಾಜಿನ ಮುಖದ ಒಂದು ದೊಡ್ಡ ಪೆಟ್ಟಿಗೆ ಇತ್ತು. ಒಳಗೆ ಬರೀ ಆರ್ಗಾನ್. ಹೊರಗಿನಿಂದ ಕೈ ತೂರಿಸಲಿಕ್ಕೆ ಎರಡು ಜೊತೆ ಉದ್ದ ರಬ್ಬರ್ ಗವಸು. ಎಡಗಡೆಯ ಜೊತೆ ನನ್ನದು, ಬಲಗಡೆಯದು ಅವಳದು.

ರಜೆಗೆ ಊರಿಗೆ ಬಂದಾಗ ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಅವ್ವ ಭಟ್ಕಳದ ಹತ್ತಿರದ ನಮ್ಮೂರು ಬೆಳಕೆಯಲ್ಲಿ ಮೀನು ಒಣಗಿಸಿ ಮಾರುವವಳು. ಮಳೆಗಾಲದ ಪಸೆ ಅಂದರೆ ಅವಳಿಗೆ ಹುಟ್ಟಾ ವೈರಿ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಪಸೆಯೇ ಇಲ್ಲದ ಪೆಟ್ಟಿಗೆ ಅಂದ್ಯಾ? ಎಷ್ಟು ದೊಡ್ಡದು?"

"ಕಪಾಟಿನಷ್ಟು."

"ಹಂಗಾರೆ ಎರಡು ಕೇಜಿ ಹಿಡೀತದೆ," ಅಂತ ಒಣ ಸೀಗಡಿ ಕಟ್ಟಿಕೊಟ್ಟಳು. ದೀಪಾವಳಿಗೆ ವಾಪಸ್ ತರಬೇಕಂತೆ, ಆಗ ರೇಟು ಇರ್ತದಂತೆ.

ಪೆಟ್ಟಿಗೆಯಲ್ಲಿ ಇಡುವಷ್ಟು ಹುಚ್ಚು ನನಗಿಲ್ಲ. ಆದರೆ ಅವ್ವನ ಮಾತನ್ನು ಪೂರ್ತಿ ತೆಗೆದುಹಾಕಲಿಕ್ಕೂ ಮನಸ್ಸು ಬರಲಿಲ್ಲ. ಮೂಲೆಯಲ್ಲಿ ಹೊಸದೊಂದು ಗಾಜಿನ ಪಾತ್ರೆ ಇತ್ತು, ಪಂಪು ಹಚ್ಚಿ ಒಳಗಿನ ಗಾಳಿ ಎಳೆದು ಸಾಮಾನು ಒಣಗಿಸುವಂಥದ್ದು. ಅದರಲ್ಲಿ ಗಂಟು ಇಟ್ಟು ಪಂಪು ಹಚ್ಚಿ ಊಟಕ್ಕೆ ಹೋದೆ. ಪಂಪು ಒಳಗಿನಿಂದ ಎಳೆದದ್ದನ್ನು ಎಲ್ಲಿಗೋ ಬಿಡಲೇಬೇಕಲ್ಲ, ಅದು ನನ್ನ ತಲೆಗೆ ಹೊಳೆಯಲಿಲ್ಲ. ಬರುವಷ್ಟರಲ್ಲಿ ಮೂರನೇ ಮಹಡಿಯೇ ಖಾಲಿ. ನಮ್ಮ ಗೈಡು ಮೂಗಿಗೆ ಕರವಸ್ತ್ರ ಒತ್ತಿಕೊಂಡು "ಯಾವುದೋ ಅಮೀನ್ ಲೀಕಾಗಿದೆ, ಎಲ್ಲರೂ ಕೆಳಗಿಳೀರಿ" ಅಂತ ಓಡಾಡುತ್ತಿದ್ದರು. ಮುಖವಾಡ ಹಾಕಿಕೊಂಡು ಸುರಕ್ಷತೆಯವರು ಬಂದರು.

ಕುಮಟಾದವಳಿಗೆ ಮೊದಲ ಉಸಿರಿಗೇ ಗೊತ್ತಾಗಿತ್ತು. ನನ್ನ ಮುಖ ನೋಡಿದಳು. ಆಮೇಲೆ ಗೈಡಿನ ಹತ್ತಿರ ಹೋಗಿ ಬಹಳ ಗಂಭೀರವಾಗಿ, "ಇದು ಟ್ರೈಮಿಥೈಲ್ ಅಮೀನ್, ಸರ್. ಅಪಾಯ ಇಲ್ಲ, ಕಿಟಕಿ ತೆಗೆದರೆ ಸಾಕು" ಅಂದಳು. ಅದು ಸುಳ್ಳೂ ಅಲ್ಲ. ಒಣ ಮೀನಿನ ವಾಸನೆಯೇ ಅದು. ಗೈಡು, "ವಾಸನೆಯಲ್ಲೇ ಗುರುತು ಹಿಡಿದಳು, ನೋಡಿ ಕಲೀರಿ" ಅಂತ ನಮಗೆಲ್ಲ ಹೇಳಿ, ಅಪಘಾತದ ರಿಜಿಸ್ಟರ್ ತೆಗೆದು, "ಯಾವ ತಯಾರಕರದು?" ಅಂತ ಕೇಳಿದರು.

"ಬೆಳಕೆ, ಸರ್," ಅಂದಳು. ಅವರು ಹಾಗೇ ಬರೆದುಕೊಂಡರು.

ಆ ಸಂಜೆ ತಾರಸಿಯ ಮೇಲೆ ಇಬ್ಬರೂ ಸಾಕ್ಷ್ಯ ನಾಶ ಮಾಡಿದೆವು, ಕಾಯಿಚೂರು ಹಾಕಿ ಚಟ್ನಿ ಮಾಡಿ. ಅವಳು ಬೆರಳು ನೆಕ್ಕುತ್ತಾ ನಗುತ್ತಿದ್ದಳು. ಅವತ್ತಿನಿಂದ ನನಗೆ ಯಾವ ಊಟವೂ ರುಚಿಸಿಲ್ಲ.

೨. ಗುರುಬಲ

ಬೋರಾನಿನ ಸ್ವಭಾವ ಒಂದು ಹೇಳಿಬಿಡುತ್ತೇನೆ, ಉದ್ದ ಮಾಡುವುದಿಲ್ಲ. ಅದು ಹುಟ್ಟಾ ಬೇಡುವ ಜಾತಿ. ಎಲೆಕ್ಟ್ರಾನು ಯಾರ ಹತ್ತಿರ ಇದ್ದರೂ ಕೊಡಿ ಅನ್ನುತ್ತದೆ. ಅದೇ ಬೋರಾನನ್ನು ತಾಮ್ರದಂಥ ಲೋಹಕ್ಕೆ ಕಟ್ಟಿದರೆ ಗುಣವೇ ತಿರುಗಿ ಕೊಡುವವ ಆಗಿಬಿಡುತ್ತದೆ. ಅದಕ್ಕೆ ಬೋರಿಲ್ ಅನ್ನುತ್ತಾರೆ. ಎರಡು ಬೋರಾನು ಕೈಹಿಡಿದುಕೊಂಡಿರುವ ಒಂದು ಪದಾರ್ಥ ಉಂಟು. ತಾಮ್ರ ಅಲ್ಲಿಗೆ ಹೋಗಿ ಒಂದನ್ನು ಬಿಡಿಸಿ ತನ್ನ ಜೊತೆ ಕರೆದುಕೊಂಡು ಬರಬೇಕು. ತಾಮ್ರಕ್ಕೆ ಇದ್ದ ಧೈರ್ಯ ನನಗಿರಲಿಲ್ಲ.

ನಮ್ಮ ಬೋರಿಲ್ ಹರಳಾಗಲು ಏಳು ತಿಂಗಳು ತೆಗೆದುಕೊಂಡಿತು. ಪೆಟ್ಟಿಗೆಯೊಳಗಿನ ಫ್ರೀಜರಿನಿಂದ ಅವಳು ಶೀಶೆ ತೆಗೆದಳು. ತಳದಲ್ಲಿ ಸಕ್ಕರೆ ಹರಳಿನ ಹಾಗೆ ನಾಲ್ಕು ತುಣುಕು. ಇಬ್ಬರ ಕೈಯೂ ಒಳಗೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅವಳ ಕಣ್ಣಲ್ಲಿ ನೀರು. ಒರೆಸಿಕೊಳ್ಳಲಿಕ್ಕೆ ಕೈ ಇಲ್ಲ. ಹೇಳಿದರೆ ಇವತ್ತೇ ಹೇಳಬೇಕು ಅಂತ ಗಟ್ಟಿ ಮಾಡಿದೆ.

"ನಿನ್ನ ಹತ್ರ ಒಂದು ಮಾತು ಹೇಳೂದುಂಟು," ಅಂದೆ.

"ಹೇಳು," ಅಂದಳು.

ನಾನು ಗವಸಿನೊಳಗೇ ಕೈ ಮುಷ್ಟಿ ಮಾಡಿದೆ. ನನ್ನ ಬೆರಳಲ್ಲಿ ಅವ್ವ ಹಾಕಿಸಿದ ಪುಷ್ಯರಾಗದ ಉಂಗುರ ಇತ್ತು. ಗುರುಬಲ ಇಲ್ಲ, ಇದನ್ನು ಹಾಕಿದರೆ ವರ್ಷದೊಳಗೆ ಮದುವೆ ಅಂತ ಜೋಯಿಸರು ಹೇಳಿದ್ದರು, ಯಾವ ಕಾರಣಕ್ಕೂ ತೆಗೆಯಬಾರದು ಅಂತ ಅವ್ವ ಆಣೆ ಹಾಕಿಸಿದ್ದಳು. ಅದರ ಕಲ್ಲು ಗವಸನ್ನು ಸೀಳಿತು. ಪೆಟ್ಟಿಗೆಯೊಳಗೆ ಆಮ್ಲಜನಕ ಹೊಕ್ಕರೆ ಎಚ್ಚರಿಸುವ ಗಂಟೆ ಹೊಡೆದುಕೊಂಡಿತು. ಏಳು ತಿಂಗಳ ಹರಳು ನಮ್ಮ ಕಣ್ಣೆದುರೇ ಮಂಕಾಗಿ, ಹಿಟ್ಟಾಗಿ, ಹೋಯಿತು.

ತೂತು ಮುಚ್ಚಿ, ಗಂಟೆ ನಿಲ್ಲಿಸಿ, ಇಬ್ಬರೂ ನೆಲದ ಮೇಲೆ ಕೂತೆವು. ಅವಳು ಕೇಳಿದಳು, "ಎಂತ ಹೇಳೂದಿತ್ತು?"

"ಆರ್ಗಾನ್ ಸಿಲಿಂಡರ್ ಖಾಲಿಯಾಗ್ತಾ ಬಂತು," ಅಂದೆ.

೩. ಸನ್ಮಾನ

ಓದು ಮುಗಿದು ಊರಿಗೆ ಬಂದೆ. ಅವಳಿಗೆ ಕಾರವಾರದಲ್ಲಿ ಕೆಲಸ ಸಿಕ್ಕಿತು, ನನಗೆ ಹೊನ್ನಾವರದಲ್ಲಿ. ರೈಲಿನಲ್ಲಿ ಎರಡು ತಾಸಿನೊಳಗಿನ ದಾರಿ. ಎರಡು ವರ್ಷವಾದರೂ ನನ್ನಿಂದ ತಲುಪಲಿಕ್ಕಾಗಲಿಲ್ಲ.

ಶಿರಾಲಿಯಲ್ಲಿ ನಮ್ಮ ಪರಿಚಯದ ಒಂದು ಕೇರಂ ಕ್ಲಬ್ ಇದೆ. ಅದರ ಅಧ್ಯಕ್ಷರು ಒಂದು ದಿನ, "ಐದು ವರ್ಷ ಎಂತ ಕಲ್ತದ್ದು ತಮಾ?" ಅಂತ ವಿಚಾರಿಸಿದರು. ಬೋರಿಲ್ ಅಂದೆ, ಕಣ್ಣು ಮಿಟುಕಿಸಲಿಲ್ಲ. ಬೋರಾನ್ ಅಂದೆ, ಅದಕ್ಕೂ ಇಲ್ಲ. ಕೊನೆಗೆ ಸಾಕಾಗಿ, "ನೀವು ಬೋರ್ಡಿಗೆ ಹಾಕ್ತ್ರಲ್ಲ ಪುಡಿ, ಅದು ಬೋರಿಕ್ ಆಸಿಡ್. ಅದೇ ವಂಶದ್ದು" ಅಂದೆ. ಅವರು ಆಡುವುದು ನಿಲ್ಲಿಸಿ ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು.

ಮುಂದಿನ ತಿಂಗಳೇ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಮೈಕು. ಅಧ್ಯಕ್ಷರು ಭಾಷಣದಲ್ಲಿ, "ನಮ್ಮೂರ ಕಡೆಯ ಹುಡುಗ ತನ್ನ ಯೌವನದ ಐದು ವರ್ಷವನ್ನು ಕೇರಂಗಾಗಿ ತೆತ್ತಿದ್ದಾನೆ" ಅಂದರು. ಜನ ಎದ್ದು ಚಪ್ಪಾಳೆ ಹೊಡೆದರು. ನನ್ನ ಕಣ್ಣು ತುಂಬಿತು. ಅಭಿಮಾನಕ್ಕೆ ಅಂತ ಅವರು ತಿಳಿದರು. ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಅವಳು ಪಕ್ಕದಲ್ಲಿ ಇಲ್ಲವಲ್ಲ ಅಂತ ನನಗೆ ಸಂಕಟವಾಗಿತ್ತು. ಆಮೇಲೆ ಆಟಕ್ಕೆ ಕೂರಿಸಿದರು. ನಾನು ಹೊಡೆದ ಮೊದಲ ಹೊಡೆತಕ್ಕೇ ಸ್ಟ್ರೈಕರು ಗುಳಿಗೆ ಬಿತ್ತು. "ಸಂಶೋಧನೆ ಬೇರೆ, ಆಟ ಬೇರೆ," ಅಂತ ಅಧ್ಯಕ್ಷರೇ ನನ್ನ ಪರವಾಗಿ ಎಲ್ಲರ ಹತ್ತಿರ ಹೇಳುತ್ತಿದ್ದರು.

೪. ಯಾರ ಕಾಯಿಲೆ

ಅವಳು ಪ್ರತಿ ಆಯ್ತವಾರ ಫೋನು ಮಾಡುತ್ತಿದ್ದಳು. ನಾನು ಆ ಒಂದು ಗಂಟೆಗಾಗಿ ಸೋಮವಾರದಿಂದ ಕಾಯುವವ. ಫೋನು ಬಂತು ಅಂದರೆ ಮಾತು ಮಾತ್ರ ಬರೀ ರಸಾಯನ. ಯಾವ ಬೋರಾನಿಗೆ ನೀರು ತಾಗಿದರೂ ಅಡ್ಡಿಲ್ಲ, ಯಾವುದಕ್ಕೆ ಪೆಲೇಡಿಯಂ ಹಾಕಿದರೆ ಕೂಡಿಕೊಳ್ಳುತ್ತದೆ, ಎಷ್ಟು ತಾಸು ಕಾಯಿಸಬೇಕು, ಇಷ್ಟೇ.

ಅವ್ವ ಮೀನು ಹೆಕ್ಕುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ತಡೆಯಲಾಗದೆ ಕೇಳಿದಳು. "ಎರಡು ವರ್ಷ ಆತು, ಬರೀ ಔಷಧಿ ಮಾತು. ಪಾಪ, ಆ ಹುಡುಗಿಗೆ ಎಂತ ಕಾಯಿಲೆ?"

"ಅವಳಿಗೆಂತ ಇಲ್ಲ ಅವ್ವ."

"ಮತ್ತೆ ಕಾಯಿಲೆ ಯಾರಿಗೆ?" ಅಂತ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ನಾನು ಎದ್ದು ಹೊರಗೆ ಹೋದೆ.

ಹೋದ ತಿಂಗಳು ಅವಳು ಮಾತಿನ ನಡುವೆ ಹೇಳಿದಳು, "ಇನ್ನೊಂದು ಸುದ್ದಿ. ಪ್ರಾಕ್ಟಿಕಲ್ ಪರೀಕ್ಷೆಗೆ ನಿಮ್ಮ ಕಾಲೇಜಿಗೆ ಹೊರಗಿನ ಪರೀಕ್ಷಕಿ ನಾನೇ. ಶುಕ್ರವಾರ ಬರೂದು. ಅಲ್ಲಿಂದ ಹಾಗೇ ಕುಮಟಾಕ್ಕೆ ಹೋಗ್ತೆ. ಆಯ್ತವಾರ ನನ್ನ ನೋಡ್ಲಿಕ್ಕೆ ಯಾರೋ ಬರ್ತ್ರಂತೆ."

"ಹೌದಾ? ಒಳ್ಳೇದಾತು," ಅಂದೆ. ನನ್ನ ನಾಲಿಗೆಗೆ ಎಂತ ಹೇಳಬೇಕು.

"ಒಳ್ಳೇದಾತಾ?"

"ಊಟಕ್ಕೆ ಮೀನು ಹೇಳಿಡ್ತೆ, ಶುಕ್ರವಾರ," ಅಂದೆ.

ಅವಳು ಫೋನಿಟ್ಟಳು. ಅವ್ವ ಬಾಗಿಲ ಹತ್ತಿರ ನಿಂತಿದ್ದಳು. "ತಮಾ, ನಿನ್ನ ಅಪ್ಪ ಸಮುದ್ರಕ್ಕೆ ಹೆದ್ರೂದಿಲ್ಲಾಗಿತ್ತು. ನೀನು ಫೋನಿಗೆ ಹೆದರ್ತಿ," ಅಂದಳು.

೫. ಪರೀಕ್ಷೆ

ಶುಕ್ರವಾರ ಬಂದಳು. ನೀಲಿ ಸೀರೆ, ಕೈಯಲ್ಲಿ ಪ್ರಶ್ನೆಯ ಲಕೋಟೆ. ಎರಡು ವರ್ಷದ ಮೇಲೆ ನೋಡಿದ್ದು, ಕುಡಿಯಲು ನೀರು ಕೊಡುವುದೂ ನನಗೆ ಮರೆತುಹೋಯಿತು. ಲಕೋಟೆ ಒಡೆದರೆ ಒಳಗೆ ಬೋರಿಕ್ ಆಸಿಡ್ ಟೈಟ್ರೇಶನ್. ಬ್ಯೂರೆಟ್ಟು ಅಂದರೆ ತುದಿಗೆ ನಲ್ಲಿ ಇರುವ ಗಾಜಿನ ಕೊಳವೆ, ಅದರಿಂದ ಫ್ಲಾಸ್ಕಿಗೆ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ತೆಳು ಗುಲಾಬಿ ಬಣ್ಣ ಬಂದ ಹನಿಗೇ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ಕೆಟ್ಟಿತು.

ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಶುರು ಮಾಡಿದರು. ಅವಳು ಮೊದಲಿನ ಹುಡುಗಿಯ ಹತ್ತಿರ ಹೋಗಿ ಮೌಖಿಕ ಪ್ರಶ್ನೆ ಕೇಳಿದಳು. "ಇದಕ್ಕೆ ಗ್ಲಿಸರಿನ್ ಎಂತಕ್ಕೆ ಹಾಕೂದು?"

"ಬೋರಿಕ್ ಆಸಿಡ್ ಒಂದೇ ಇದ್ರೆ ತೀರಾ ಮೆತ್ತಗೆ, ಮೇಡಂ. ಬಣ್ಣ ಯಾವಾಗ ತಿರುಗಿತು ಅಂತ್ಲೇ ತಿಳಿಯೂದಿಲ್ಲ. ಗ್ಲಿಸರಿನ್ ಹಿಡ್ಕೊಂಡ್ರೆ ಅದಕ್ಕೆ ಬಲ ಬರ್ತದೆ."

"ಬಲ ಬರ್ಲೇ ಇಲ್ಲ ಅಂದ್ರೆ?"

"ಕಾಯ್ತಾ ಕೂರೂದೇ, ಮೇಡಂ."

ಅವಳು ಅಂಕ ಹಾಕಿದಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ವಾಪಸ್ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅಂಕದ ಹಾಳೆಗೆ ಗೆರೆ ಎಳೆಯತೊಡಗಿದಳು. ಇನ್ನು ಒಂದು ತಾಸು. ಆಮೇಲೆ ಕುಮಟಾ ಬಸ್ಸು, ಆಮೇಲೆ ಆಯ್ತವಾರ. ಹೇಳುವುದಾದರೆ ಈಗಲೇ ಹೇಳಬೇಕು. ಅಟೆಂಡರ್ ಆಗಷ್ಟೇ ನಮ್ಮ ಲ್ಯಾಬಿನ ಹೊಗೆ ಎಳೆಯುವ ಫ್ಯಾನು ಹಾಕಿ ಹೋಗಿದ್ದ, ಅದು ಟ್ರಾಲರ್ ಬೋಟಿನ ಎಂಜಿನ್ನಿನಷ್ಟು ಸದ್ದು ಮಾಡುತ್ತದೆ. ಅದರ ಕೆಳಗೆ ಕೂತವರು ಪಕ್ಕದವರ ಹತ್ತಿರ ಮಾತಾಡುವುದಾದರೂ ಕೂಗಲೇಬೇಕು. ದೂರ ನಿಂತ ಮಕ್ಕಳಿಗೆ ಎಂತದೂ ಕೇಳಿಸದು. ನಾನು ಉಸಿರು ಎಳೆದುಕೊಂಡು, ಬೋಟಿನವರು ಒಬ್ಬರನ್ನೊಬ್ಬರು ಕರೆಯುವ ದನಿಯಲ್ಲಿ ಶುರು ಮಾಡಿದೆ.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ನಾನು ನಿಲ್ಲಲಿಲ್ಲ, ಐದು ವರ್ಷ ಮತ್ತೆರಡು ವರ್ಷದ ಮಾತು ಹೊರಟಾಗಿತ್ತು.

"ನಾಡಿದ್ದು ಆಯ್ತವಾರ ಅವ್ರು ಬರೂದು ಬೇಡ. ನಾನು ಬರ್ತೆ, ಅವ್ವನ್ನ ಕರ್ಕೊಂಡು. ನಿನ್ನ ಬಿಟ್ಟು ನಂಗೆ ಆಗೂದಿಲ್ಲ."

ಅಟೆಂಡರ್ ಕೈಯಲ್ಲಿದ್ದ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಇಪ್ಪತ್ತು ಮಕ್ಕಳೂ ಬಾಯಿ ತೆರೆದು ನಮ್ಮನ್ನೇ ನೋಡುತ್ತಿದ್ದರು. ಇಪ್ಪತ್ತು ಬ್ಯೂರೆಟ್ಟಿನ ನಲ್ಲಿಯೂ ತೆರೆದೇ ಇತ್ತು. ಯಾರ ಕೈಯೂ ಮುಚ್ಚಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಫ್ಲಾಸ್ಕು ಗುಲಾಬಿಯಾಗಿ, ಗುಲಾಬಿ ಹೋಗಿ ದಾಸವಾಳವಾಯಿತು.

ಅವಳು ಎದ್ದಳು. ಕೆಂಪು ಪೆನ್ನು ಹಿಡಿದುಕೊಂಡು ಸಾಲಿನುದ್ದಕ್ಕೂ ನಿಧಾನ ನಡೆದು ಒಂದೊಂದೇ ಫ್ಲಾಸ್ಕು ನೋಡಿದಳು. ಅವಳ ಮುಖವೂ ಸುಮಾರು ಅದೇ ಬಣ್ಣಕ್ಕೆ ಬಂದಿತ್ತು.

"ಎಲ್ಲರದೂ ಹೆಚ್ಚಾಗಿದೆ," ಅಂದಳು. "ಎಲ್ಲರೂ ಇನ್ನೊಂದ್ಸಲ ಮಾಡಿ. ಅರ್ಧ ತಾಸು ಹೆಚ್ಚಿಗೆ ಕೊಡ್ತೆ."

ಆಮೇಲೆ ನನ್ನ ಕಡೆ ತಿರುಗಿ, ಪರೀಕ್ಷಕರ ಗತ್ತಿನಲ್ಲೇ ಹೇಳಿದಳು.

"ಸರ್, ನೀವೊಬ್ರು ಇನ್ನೊಂದ್ಸಲ ಮಾಡೂದು ಬೇಡ. ಆತು."