ವ್ಯೋಮನೌಕೆಯನ್ನು ಪಳಗಿಸಿದ ಪ್ರಕರಣದ ಕುರಿತು

ಡೊಂಬಿವಲಿ ಪೂರ್ವ
೧೪ ಡಿಸೆಂಬರ್ ೨೦೧೪, ಭಾನುವಾರ

ಏಳು ಕಿಲೋ ತೂಕದ ರೆಸಿನ್ ವ್ಯೋಮನೌಕೆಯ ಪೆಟ್ಟಿಗೆಯೊಳಗೆ ಒಂದೇ ಹಾಳೆಯ ಸೂಚನಾಪತ್ರ ಬರೆದಿಟ್ಟ, ಹೆಸರು ತಿಳಿಯದ ಪರದೇಶದ ಮಹನೀಯರಿಗೆ.

ಮಾನ್ಯರೇ,

ತಮಗೂ ತಮ್ಮ ಕಾರ್ಖಾನೆಗೂ ಡೊಂಬಿವಲಿಯಿಂದ ನಮಸ್ಕಾರಗಳು. ತಮ್ಮ ಊರಿನಲ್ಲಿ ಈಗ ಹಗಲೋ ರಾತ್ರಿಯೋ, ತಮ್ಮ ಊಟ ಆಗಿದೆಯೋ ಇಲ್ಲವೋ ನನಗೆ ತಿಳಿಯದು. ಆಗಿದ್ದರೆ ಮುಂದೆ ಓದಬೇಕು, ಆಗಿರದಿದ್ದರೆ ಊಟ ಮುಗಿಸಿ ಬಂದು ಓದಬೇಕು, ಏಕೆಂದರೆ ಈ ಪತ್ರ ಓದಿದ ಮೇಲೆ ಮರ್ಯಾದಸ್ಥರಿಗೆ ಅನ್ನ ಗಂಟಲಲ್ಲಿ ಇಳಿಯುವುದು ಕಷ್ಟ.

ಬರೆಯುತ್ತಿರುವವನ ಯೋಗ್ಯತೆ ತಮಗೆ ಮೊದಲೇ ತಿಳಿದಿರುವುದು ಒಳ್ಳೆಯದು. ಕಳೆದ ವರ್ಷ ನಮ್ಮ ದೇಶದವರು ಮಂಗಳ ಗ್ರಹಕ್ಕೆ ನೌಕೆ ಹಾರಿಸಿದರಲ್ಲ, ಅದರ ಹಿಂದಿನ ದಿನ ವಿಜ್ಞಾನಿಗಳು ನನಗೆ ಫೋನು ಮಾಡಿ, "ಮುಂಡಪ್ಪಣ್ಣ, ಬಿಡುವುದಾ?" ಎಂದು ಕೇಳಿ, ನಾನು "ಸ್ವಲ್ಪ ತಡೆಯಿರಿ ಮಾರಾಯರೇ, ಹಬೆ ಸರಿಯಾಗಿ ಬರಲಿ" ಎಂದ ಮೇಲೆಯೇ ಅದು ನೆಲ ಬಿಟ್ಟದ್ದು. ಪತ್ರಿಕೆಗಳಲ್ಲಿ ಈ ವಿಷಯ ಬರಲಿಲ್ಲ. ಬೇಡವೆಂದು ನಾನೇ ಹೇಳಿದ್ದೆ. ಉಳಿದಂತೆ, ಉಡುಪಿ ಕಡೆಯ ಹಳ್ಳಿಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ತುರ್ಭೆಯ ಕಾರ್ಖಾನೆಗಳ ನಡುವಿನ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ದೋಸೆಕಾವಲಿಯ ಮುಂದೆ ನಿಂತು, ಈಗ ನಿವೃತ್ತನಾಗಿ ಹೆಂಡತಿ ಲೋಲಾಕ್ಷಿಯ ಆಡಳಿತದಲ್ಲಿ ಮೂರನೆಯ ಮಾಳಿಗೆಯಲ್ಲಿ ವಾಸವಾಗಿರುವವನು. ಆರೋಗ್ಯದ ದೃಷ್ಟಿಯಿಂದ ಇತ್ತೀಚೆಗೆ ಗಂಜಿ ಮತ್ತು ಬಾಳೆಹಣ್ಣನ್ನು ಮಾತ್ರ ಸೇವಿಸುತ್ತಿದ್ದೇನೆ. ಚಕ್ಕುಲಿ ಬಿಟ್ಟಿದ್ದೇನೆ. ಅದೊಂದು ವ್ರತವೆಂದೇ ತಾವು ತಿಳಿಯಬಹುದು.

ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳು ತೃಪ್ತಿ ಎಂಬವಳು ಇಲ್ಲಿ ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದವಳು, ಐಟಿ ಆಫೀಸಿನಲ್ಲಿ ಕೆಲಸ, ಖಾರಘರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಯ ವಾಸ. ಪ್ರತಿ ಭಾನುವಾರ ಠಾಣೆ ಊರಿನಲ್ಲಿ ರೈಲುಗಾಡಿ ಬದಲಿಸಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಾಳೆ. ನಮ್ಮ ಕಡೆಯದ್ದು ಅಳಿಯಸಂತಾನದ ಪದ್ಧತಿ. ಮಾವನದ್ದೆಲ್ಲ ಸೋದರಿಯ ಮಕ್ಕಳಿಗೆ. ನನ್ನ ಆಸ್ತಿ ಎಂದರೆ ಒಂದು ಕಾವಲಿ, ಎರಡು ಸಟ್ಟುಗ ಮತ್ತು ನನ್ನ ಮಾತು. ಕಾವಲಿ ಅವಳಿಗೆ ಬೇಡವಂತೆ. ಹಾಗಾಗಿ ನನ್ನ ಮಾತಿನ ಮೇಲೆ ಅವಳಿಗಿರುವ ನಂಬಿಕೆಯೊಂದೇ ನಾನು ಬಿಟ್ಟುಹೋಗಬಹುದಾದ ಸೊತ್ತು ಎಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಈ ಹುಡುಗಿ ಒಂದೂವರೆ ವರ್ಷ ಸಂಬಳದಲ್ಲಿ ಉಳಿಸಿ, ಇಡೀ ಪ್ರಪಂಚದಲ್ಲಿ ಮುನ್ನೂರೇ ಇರುವ, ತುಂಡು ಜೋಡಿಸಿ ಕಟ್ಟುವ ತಮ್ಮ ಮಾದರಿ ವ್ಯೋಮನೌಕೆಯ ಪೆಟ್ಟಿಗೆಯೊಂದನ್ನು ತರಿಸಿಕೊಂಡಳು. ಅಷ್ಟರಲ್ಲಿ ಆಫೀಸಿನವರು ಅವಳನ್ನು ಆರು ವಾರಕ್ಕೆ ಚೆನ್ನೈಗೆ ಕಳಿಸಿದರು. ಖಾರಘರದ ಕೋಣೆಯಲ್ಲಿ ಜಾಗವಿಲ್ಲವೆಂದು ಪೆಟ್ಟಿಗೆಯನ್ನು ನಮ್ಮ ಮಂಚದ ಕೆಳಗೆ ತಳ್ಳಿ, "ಮಾಮಾ, ಪ್ಲೀಸ್, ಹಾಥ್ ಮತ್ ಲಗಾನಾ. ನಾನು ಬಂದ ಮೇಲೆ ಮಾಡುವ" ಎಂದು ಹೇಳಿದಳು. ಪೆಟ್ಟಿಗೆಯ ಜೊತೆ ನನ್ನ ಕೈಗೆ ಒಂದು ಲಕೋಟೆಯನ್ನೂ ಕೊಟ್ಟಿದ್ದಳು. ಅದು ಇಲ್ಲಿ ಅಪ್ರಸ್ತುತ.

ಮುಟ್ಟಬೇಡ ಎಂದು ಹೇಳಿ ಹೋದ ವಸ್ತುವಿನ ಮೇಲೆ ಒಬ್ಬ ಮನುಷ್ಯ ನಾಲ್ಕು ದಿನ ಮಲಗಿದರೆ ಅವನ ಬೆನ್ನು ಏನೆಲ್ಲ ಹೇಳುತ್ತದೆ ಎಂಬುದು ತಮ್ಮಂಥ ವಿದ್ವಾಂಸರಿಗೆ ತಿಳಿಯದ್ದಲ್ಲ. ಐದನೆಯ ದಿನ, ಅವಳು ಬರುವಷ್ಟರಲ್ಲಿ ಕಟ್ಟಿ ನಿಲ್ಲಿಸಿ ಬೆರಗುಗೊಳಿಸುವ ಸದುದ್ದೇಶದಿಂದ ಪೆಟ್ಟಿಗೆ ತೆರೆದೆ. ಮುಚ್ಚಳವನ್ನು ಲೋಲಾಕ್ಷಿ ಆ ಕ್ಷಣವೇ ಒಯ್ದು ಅದರಲ್ಲಿ ನೀರುಳ್ಳಿ ಹರಡಿದಳು. ಮುಚ್ಚಳದ ವಿಷಯ ಮುಂದೆ ಬರುತ್ತದೆ.

ಒಳಗೆ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಇನ್ನೂರ ಹದಿನಾಲ್ಕು ತುಂಡುಗಳು, ಕೊಬ್ಬರಿ ಬಣ್ಣದವು, ಜೊತೆಗೆ ತಮ್ಮ ಹಾಳೆ. ಹಾಳೆಯಲ್ಲಿ ಮೂರೇ ಸಾಲು. ನನಗೆ ಬರುವ ಇಂಗ್ಲಿಷಿಗೆ ಮೂರು ಸಾಲು ಧಾರಾಳವಾಯಿತು, ಆ ಬಗ್ಗೆ ಧನ್ಯವಾದಗಳು.

ಹೆಚ್ಚಿನದ್ದನ್ನು ತೆಗೆಯಿರಿ ಎಂಬುದು ಮೊದಲ ಸಾಲು. ಅಚ್ಚಿಗೆ ರೆಸಿನ್ ಹೊಯ್ಯುವಾಗ ಉಳಿದ ಬಾಲಗಳು ತುಂಡುಗಳಿಗೆ ಅಂಟಿಕೊಂಡಿರುತ್ತವೆ, ಅವನ್ನು ಕತ್ತರಿಸಬೇಕು ಎಂದು ನನಗೆ ಒಡನೆಯೇ ಹೊಳೆಯಿತು. ಮೆಟ್ಟುಕತ್ತಿಯ ಮುಂದೆ ಕುಳಿತು ಬೆಂಡೆಕಾಯಿಗೆ ಮಾಡುವಂತೆ ತೊಟ್ಟನ್ನೂ ತುದಿಯನ್ನೂ ಒಂದೇ ಸಮನೆ ಹಾರಿಸಿದೆ. ತೊಟ್ಟು ಬಾಲವೇ ಆಗಿತ್ತು. ತುದಿಗಳು ಮಾತ್ರ ನೌಕೆಯ ಹದಿನೆಂಟು ಫಿರಂಗಿಗಳಾಗಿದ್ದವಂತೆ. ಅವು ಅಂದಿನ ಸಾಂಬಾರಿನ ಸಿಪ್ಪೆಯ ಜೊತೆ ಕಸದ ಗಾಡಿಗೆ ಹೋದವು. ಯುದ್ಧನೌಕೆಯೊಂದನ್ನು ಅರ್ಧ ಗಂಟೆಯಲ್ಲಿ ಅಹಿಂಸಾವಾದಿಯನ್ನಾಗಿ ಮಾಡಿದವನು ಲೋಕದಲ್ಲಿ ನಾನೊಬ್ಬನೇ ಇರಬಹುದು.

ಬಗ್ಗಿದ್ದನ್ನು ಬಿಸಿನೀರಿನಿಂದ ಸರಿಪಡಿಸಿ ಎಂಬುದು ಎರಡನೆಯ ಸಾಲು. ಒಂದು ರೆಕ್ಕೆ ಹಪ್ಪಳದ ಹಾಗೆ ಸೊಟ್ಟಗಿತ್ತು. ಇಡ್ಲಿ ಪಾತ್ರೆಯಲ್ಲಿ ಏಳು ನಿಮಿಷ ಬೇಯಿಸಿ, ಮೆತ್ತಗಾದ ಮೇಲೆ ಮಣೆಯ ಮೇಲೆ ಮಲಗಿಸಿ, ಮೇಲೆ ರುಬ್ಬುವ ಕಲ್ಲನ್ನಿಟ್ಟೆ, ಚಿತ್ರದಂತೆ ನೆಟ್ಟಗಾಯಿತು. ಈ ಯಶಸ್ಸಿನ ಭರದಲ್ಲಿ ಬಗ್ಗಿದ್ದ ಇನ್ನೊಂದು ತುಂಡನ್ನೂ ಹಾಗೆಯೇ ನೆಟ್ಟಗೆ ಮಾಡಿದೆ. ಅದು ನೌಕೆಯ ಮೂಗಂತೆ, ಹುಟ್ಟಿನಿಂದಲೇ ಬಾಗಿರಬೇಕಾದದ್ದಂತೆ. ಯಾವ ಸೊಟ್ಟ ದೋಷ, ಯಾವ ಸೊಟ್ಟ ಸೌಂದರ್ಯ ಎಂದು ಒಂದು ಪದ ಬರೆದಿದ್ದರೆ ತಮ್ಮ ಮಸಿ ಎಷ್ಟು ಖರ್ಚಾಗುತ್ತಿತ್ತು ಸ್ವಾಮೀ? ಲೋಲಾಕ್ಷಿಯಂತೂ ಆ ವಾರ ಇಡ್ಲಿಯಲ್ಲಿ ಪ್ಲಾಸ್ಟಿಕ್ ವಾಸನೆ ಬಂತೆಂದು, "ನಿಮಗೆ ಮರ್ಲಾ? ಆ ಪಾತ್ರೆಯನ್ನು ಇನ್ನು ನಿಮ್ಮ ಹಡಗಿಗೇ ಮದುವೆ ಮಾಡಿ ಕೊಡಿ" ಎಂದಳು.

ಈಗ ಆ ಮೂರನೆಯ ಸಾಲು. ಬಣ್ಣ ಹಚ್ಚುವ ಮೊದಲು ಮೇಲ್ಮೈಯನ್ನು ತಯಾರು ಮಾಡಿ.

ಇಷ್ಟೇ. ತಯಾರು ಮಾಡಿ. ಹೇಗೆ, ಯಾವುದರಿಂದ, ಎಷ್ಟು ದಿನ, ಒಂದು ಅಕ್ಷರವಿಲ್ಲ. ಆದರೆ ಮೇಲ್ಮೈ ತಯಾರು ಮಾಡುವುದು ಹೇಗೆಂದು ಮೂವತ್ತೊಂದು ವರ್ಷ ಕಾವಲಿಯ ಮುಂದೆ ನಿಂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ಕಾವಲಿ ತಂದರೆ ಅದನ್ನು ಪಳಗಿಸಬೇಕು. ಪಳಗಿಸದ ಕಾವಲಿಯ ಮೇಲೆ ಬ್ರಹ್ಮನೇ ಬಂದು ಹಿಟ್ಟು ಹೊಯ್ದರೂ ದೋಸೆ ಏಳುವುದಿಲ್ಲ. ಮೇಲಾಗಿ ತುಂಡುಗಳನ್ನು ಮೂಸಿ ನೋಡಿದಾಗ ಅವಕ್ಕೆ ಆಗಲೇ ತೆಳುವಾಗಿ ಜಿಡ್ಡು ಹತ್ತಿತ್ತು. ನಾವು ಇಡ್ಲಿ ತಟ್ಟೆಗೆ ಸವರುವ ಹಾಗೆ ತಾವೂ ಅಚ್ಚಿಗೆ ಎಣ್ಣೆ ಸವರಿದ್ದೀರಿ ಎಂದು ಗೊತ್ತಾಗಿ, ಪರದೇಶದಲ್ಲಿಯೂ ನಮ್ಮವರೇ ಇದ್ದಾರೆ ಎಂದು ನನ್ನ ಕಣ್ಣು ತುಂಬಿ ಬಂತು. ಎಣ್ಣೆ ಮಾತ್ರ ಸ್ವಲ್ಪ ಕಡಿಮೆ ಎನ್ನಿಸಿತು.

ತುಂಡುಗಳನ್ನೆಲ್ಲ ಅಂಟಿಸಿ ನೌಕೆಯನ್ನು ನಿಲ್ಲಿಸಿದ ಮೇಲೆ, ಮುಚ್ಚಳದಲ್ಲಿದ್ದ ನೀರುಳ್ಳಿಯೊಂದನ್ನು ಅಡ್ಡಕ್ಕೆ ಕೊಯ್ದು, ಎಳ್ಳೆಣ್ಣೆಯಲ್ಲಿ ಅದ್ದಿ, ಮೂತಿಯಿಂದ ಬಾಲದವರೆಗೆ ಉಜ್ಜಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಡುವೆ ಗ್ಯಾಲರಿಯಲ್ಲಿ ಅಕ್ಟೋಬರಿನ ಬಿಸಿಲು. ಮೂರು ದಿನದಲ್ಲಿ ಅದು ಹೇಗೆ ಮಿನುಗಿತೆಂದರೆ, ನೋಡಿ ಸ್ವತಃ ನನಗೇ ಹಸಿವಾಯಿತು. ನಾಲ್ಕನೆಯ ದಿನ ಬೂದುಬಣ್ಣ ಹೊಡೆದೆ. ಬಣ್ಣ ಕೊಟ್ಟವನು ಎದುರುಮನೆಯ ಚಂದ್ರಾಮ, ಕಲಬುರಗಿ ಕಡೆಯವನು, ಕಟ್ಟಡಗಳಿಗೆ ಬಣ್ಣ ಹಚ್ಚುವ ಗುತ್ತಿಗೆದಾರ. ಆ ಸಂಜೆ ನಮ್ಮ ಮಹಡಿಯವರೆಲ್ಲ ಬಂದು ನೋಡಿ ಹೊಗಳಿದರು; ನಾನು ವಿನಯದಿಂದ ಎರಡು ಗಂಟೆ ಮಾತನಾಡಿದೆ.

ಮರುದಿನ ಬೆಳಿಗ್ಗೆ ರೆಕ್ಕೆಯ ಅಂಚಿನಲ್ಲಿ ಒಂದು ಚೂರು ಎದ್ದಿತ್ತು. ಮೆಲ್ಲಗೆ ಎಳೆದೆ. ಬಂತು. ಇನ್ನೂ ಎಳೆದೆ. ಮಾನ್ಯರೇ, ಸುಳ್ಳು ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ: ಇಡೀ ರೆಕ್ಕೆಯ ಬಣ್ಣ ಹರಿಯದೆ ಮುರಿಯದೆ ಒಂದೇ ಹಾಳೆಯಾಗಿ, ನೀರುದೋಸೆಯ ಹಾಗೆ, ತೂತುತೂತಾಗಿ ಬೆಳಕಿಗೆ ಹೊಳೆಯುತ್ತಾ ಎದ್ದು ಬಂತು. ಇಷ್ಟು ನಾಜೂಕಾದ ನೀರುದೋಸೆಯನ್ನು ನಾನು ತುರ್ಭೆಯಲ್ಲಿ ಒಂದು ದಿನವೂ ತೆಗೆದಿರಲಿಲ್ಲ. ಕೈ ತನ್ನ ಅಭ್ಯಾಸದಂತೆ ಅದನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟಿತು. ಮಧ್ಯಾಹ್ನದೊಳಗೆ ಹನ್ನೊಂದು ದೋಸೆಗಳಾದವು, ಮತ್ತು ನೌಕೆ ಹುಟ್ಟಿದ ದಿನದಂತೆ ಬೆತ್ತಲೆಯಾಗಿ ನಿಂತಿತು.

ಚಂದ್ರಾಮ ಬಂದು ನೌಕೆಯನ್ನು ಬೆರಳಿನಿಂದ ಸವರಿ, ಬೆರಳು ಮೂಸಿ, "ಮುಂಡಪ್ಪಣ್ಣಾ, ಎಣ್ಣಿ ಹಚ್ಚಿದ ಗ್ವಾಡಿಗೆ ಬಣ್ಣ ನಿಂದರತೈತೇನ್ರೀ? ಒಂದ ಮಾತ ನನ್ನ ಕೇಳಬಾರದಾಗಿತ್ತೇನು?" ಎಂದ. ಬಾಹ್ಯಾಕಾಶದ ವಿಷಯ ಗೋಡೆಯವನನ್ನು ಕೇಳುವುದೇ? ತಮ್ಮ ಆ 'ತಯಾರು ಮಾಡಿ' ಎಂಬುದರ ಅರ್ಥ ಸಾಬೂನಿನಲ್ಲಿ ತೊಳೆದು ಎಣ್ಣೆಯನ್ನು ತೆಗೆಯಿರಿ ಎಂದಂತೆ. ಅಂದರೆ ನಾನು ಮಾಡಿದ್ದು ಬರೋಬ್ಬರಿ ಅದರ ತದ್ವಿರುದ್ಧ, ಆದರೆ ಅತ್ಯಂತ ಶ್ರದ್ಧೆಯಿಂದ.

ತೃಪ್ತಿ ಬರಲು ಒಂಬತ್ತು ದಿನ ಉಳಿದಿತ್ತು. ಸ್ಟೇಷನ್ ಬಳಿಯ ಸೈಬರ್ ಕೆಫೆಯವನಿಂದ ಹುಡುಕಿಸಿದಾಗ, ಠಾಣೆಯ ಒಬ್ಬ ಸಂಗ್ರಾಹಕನಲ್ಲಿ ಇಂಥದ್ದೇ ಪೆಟ್ಟಿಗೆ ತೆರೆಯದೆ ಇದೆಯೆಂದು ತಿಳಿಯಿತು. ಅಲ್ಪ ಮೊತ್ತ ಕೊಟ್ಟು, ನಾಲ್ಕುನೂರೋ ಐನೂರೋ ಇರಬೇಕು, ಅದನ್ನು ಕೊಂಡು, ಸಂಜೆ ಆರರ ಕಲ್ಯಾಣ ಲೋಕಲಿನಲ್ಲಿ ತಲೆಯ ಮೇಲೆ ಹೊತ್ತು ನಿಂತೆ. ಕಳವಾ ಸ್ಟೇಷನ್ನಿನಲ್ಲಿ ಒಬ್ಬರು, "ಕಾಕಾ, ಟೀವಿ ಆಹೇ ಕಾ?" ಎಂದು ಕೇಳಿದರು. "ನಾಹೀ, ವಿಮಾನ ಆಹೇ" ಎಂದೆ. ಮುಂಬ್ರಾ ದಾಟುವಷ್ಟರಲ್ಲಿ ಇಡೀ ರೈಲುಡಬ್ಬಿಗೆ ನಾನು ಪೈಲಟ್ ಕಾಕಾ ಆಗಿದ್ದೆ. ಡೊಂಬಿವಲಿಯಲ್ಲಿ ಪೆಟ್ಟಿಗೆಯನ್ನೂ ನನ್ನನ್ನೂ ಒಟ್ಟಿಗೆ ಎತ್ತಿ ಇಳಿಸಿದರು. ಹೊಸ ಪೆಟ್ಟಿಗೆಯನ್ನು ಮಂಚದ ಕೆಳಗೆ ಹಳೆಯ ಜಾಗದಲ್ಲಿಟ್ಟು, ಬೆತ್ತಲೆ ನೌಕೆಯನ್ನು ಅದರ ಹಿಂದೆ ಸೀರೆಯಲ್ಲಿ ಸುತ್ತಿ ಅಡಗಿಸಿ, ನಿಶ್ಚಿಂತೆಯಿಂದ ಮಲಗಿದೆ.

ಹುಡುಗಿ ಬಂದಳು, ಪೆಟ್ಟಿಗೆ ಎಳೆದಳು, ಮುಚ್ಚಳ ತೆಗೆದು ಅದರ ಒಳಭಾಗ ನೋಡಿದಳು, "ಮಾಮಾ, ಯೇ ಮೇರಾ ಡಬ್ಬಾ ನಹೀ ಹೈ" ಎಂದಳು. ನಾನು ಹದಿನೇಳು ಬಗೆಯ ಮುಖ ಮಾಡಿದೆ. ಅವಳು ಅಡುಗೆಮನೆಗೆ ಹೋಗಿ, ಲೋಲಾಕ್ಷಿಯ ನೀರುಳ್ಳಿಯನ್ನೆಲ್ಲ ನೆಲಕ್ಕೆ ಸುರಿದು, ಆ ಹಳೆಯ ಮುಚ್ಚಳವನ್ನು ತಂದು ನನ್ನ ಮುಂದೆ ಹಿಡಿದಳು. ಒಳಗೆ ಪೆನ್ಸಿಲಿನಲ್ಲಿ, ಹಿಂದಿಯ ಅಕ್ಷರದಲ್ಲಿ, ಚೆನ್ನೈಗೆ ಹೋಗುವ ಮೊದಲೇ ಬರೆದಿಟ್ಟಿದ್ದಳು: ತೊಳೆಯುವುದು ಮಾಮಾ, ಉಜ್ಜುವುದು ಮಾಮಾ, ಅಂಟಿಸುವುದು ಮಾಮಾ ಮತ್ತು ನಾನು, ಬಣ್ಣ ನಾನು ಮಾತ್ರ. ಕೆಳಗೆ ಗೆರೆ ಎಳೆದು ಹನ್ನೆರಡು ಭಾನುವಾರಗಳ ತಾರೀಕು.

ಸೀರೆ ಬಿಚ್ಚಿ ನೌಕೆಯನ್ನೂ ಬಣ್ಣದ ದೋಸೆಗಳ ಆ ತಟ್ಟೆಯನ್ನೂ ತಂದು ಇಟ್ಟೆ. ಅವಳು ನೌಕೆಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಯಾವ ಗಿರಾಕಿಯ ಮುಂದೆಯೂ ನಾನು ಹಾಗೆ ಕೈಕಟ್ಟಿ ನಿಂತಿರಲಿಲ್ಲ. ಕೊನೆಗೆ ಒಂದು ಮಡಿಕೆಯನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಮಾಮಾ, ಚಟ್ನಿ ಕಿಧರ್ ಹೈ?" ಎಂದು ಕೇಳಿದಳು. ಲೋಲಾಕ್ಷಿ ನೆಲದ ಮೇಲೆ ನೀರುಳ್ಳಿ ಹೆಕ್ಕುತ್ತಿದ್ದವಳು ಅಲ್ಲಿಯೇ ಕುಳಿತು ನಕ್ಕಳು. ನೌಕೆ ಹಳತಾಗಿ ಕಾಣಲೆಂದು ಕೆಲವರು ಬೇಕೆಂದೇ ಹೀಗೆ ಬಣ್ಣ ಸುಲಿಯುತ್ತಾರಂತೆ. "ಮಗರ್ ಇತ್ನಾ ಸಾ, ಮಾಮಾ" ಎಂದು ತನ್ನ ಕಿರುಬೆರಳ ಉಗುರು ತೋರಿಸಿದಳು.

ಈಗ ಪ್ರತಿ ಭಾನುವಾರ ನಾವಿಬ್ಬರೂ ಆ ಹಳೆಯ ನೌಕೆಯನ್ನು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತೊಳೆಯುತ್ತಿದ್ದೇವೆ. ಎಳ್ಳೆಣ್ಣೆ ಇನ್ನೂ ಬಿಟ್ಟಿಲ್ಲ. ನನ್ನ ಕೆಲಸ ಅಷ್ಟು ಗಟ್ಟಿ. ಸಮಸ್ಯೆ ಇರುವುದು ಹೊಸ ಪೆಟ್ಟಿಗೆಯದು. ಅದೆಲ್ಲಿಂದ ಬಂತೆಂದು ಅವಳು ಕೇಳಿದಾಗ, ನನ್ನ ಕೈಚಳಕದ ಸುದ್ದಿ ಕೇಳಿ ಮೆಚ್ಚಿದ ಕಂಪನಿಯವರು ಉಚಿತವಾಗಿ ಕಳಿಸಿದರು ಎಂದುಬಿಟ್ಟೆ. "ಸಚ್ಚಿ? ಹಾಗಾದರೆ ಅವರ ಲೆಟರ್ ತೋರಿಸಿ" ಎಂದು ನಾಲ್ಕು ಭಾನುವಾರಗಳಿಂದ ಕೇಳುತ್ತಿದ್ದಾಳೆ.

ಆದ್ದರಿಂದ ತಾವು ಕೃಪೆಯಿಟ್ಟು, ಡೊಂಬಿವಲಿಯ ಶ್ರೀ ಮುಂಡಪ್ಪನವರ ಅಪೂರ್ವ ಪ್ರಯೋಗವನ್ನು ಮೆಚ್ಚಿ ಈ ಪೆಟ್ಟಿಗೆಯನ್ನು ಕಾಣಿಕೆಯಾಗಿ ಒಪ್ಪಿಸಿದ್ದೇವೆ ಎಂದು ತಮ್ಮ ಮೊಹರು ಒತ್ತಿದ ಕಾಗದವನ್ನು, ಸಾಧ್ಯವಾದರೆ ಎರಡು ತಿಂಗಳ ಹಿಂದಿನ ತಾರೀಕು ಹಾಕಿ, ಮುಂದಿನ ಭಾನುವಾರ ಹನ್ನೊಂದು ಗಂಟೆಯೊಳಗೆ ತಲುಪಿಸಬೇಕು. ಅವಳ ಗಾಡಿ ಹನ್ನೊಂದೂಕಾಲಿಗೆ ಬರುತ್ತದೆ. ಕಾಗದದ ಜೊತೆ ಹದಿನೆಂಟು ಫಿರಂಗಿ ಮತ್ತು ಒಂದು ಸೊಟ್ಟ ಮೂಗು ಇಟ್ಟರೆ ಬೇಡವೆನ್ನುವುದಿಲ್ಲ. ಹಾಗೆಯೇ ಮುಂದಿನ ಸೂಚನಾಪತ್ರದಲ್ಲಿ, ಇದು ಕಾವಲಿಯಲ್ಲ, ಎಂಬ ಎರಡು ಪದ ಸೇರಿಸಿದರೆ ಮುಂಬಯಿಯ ಸಮಸ್ತ ಹೋಟೆಲಿನವರು ತಮಗೆ ಋಣಿಯಾಗಿರುತ್ತಾರೆ.

ಬಣ್ಣ ಕಳಚಿದರೂ ಜಿಡ್ಡು ಬಿಡದ
ತಮ್ಮ ವಿಶ್ವಾಸಿ,
ಮುಂಡಪ್ಪ

ತಾ.ಕ.: ಇದನ್ನು ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸುತ್ತಿರುವ ಧೈರ್ಯ ಎಲ್ಲಿಂದ ಬಂತೆಂದು ತಾವು ಕೇಳಬಹುದು. ತೃಪ್ತಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ; ಲೋಲಾಕ್ಷಿಗೆ ಅಕ್ಷರ ಬರುತ್ತದೆ, ಅವಳ ಕನ್ನಡಕ ನನ್ನ ಜೇಬಿನಲ್ಲಿದೆ; ಚಂದ್ರಾಮನ ಬಾಯಿಯಲ್ಲಿ ಎರಡು ಮಸಾಲೆದೋಸೆ ಇದೆ. ತಮಗೂ ಕನ್ನಡ ಬಾರದು, ನನಗೂ ತಮ್ಮ ಇಂಗ್ಲಿಷ್ ಬರಲಿಲ್ಲ, ಅಲ್ಲಿಗೆ ಸಮ. ಹೀಗೆ ಎಲ್ಲ ಕಡೆಯಿಂದಲೂ ಗುಟ್ಟು ಭದ್ರವಾಗಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಅವಳು ಕೊಟ್ಟು ಹೋದ ಆ ಲಕೋಟೆಯಲ್ಲಿ ಇದ್ದದ್ದು ನನಗೆ ಎರಡೂ ಸಾಲಿನ ಹಲ್ಲು ಕಟ್ಟಿಸಿಕೊಳ್ಳಲು ಕೊಟ್ಟ ದುಡ್ಡು. "ಮಾಮಾ, ದಾಂತ್ ಕಬ್ ಲಗಾಓಗೇ?" ಎಂದು ಅವಳು ಪ್ರತಿ ವಾರ ಕೇಳುತ್ತಾಳೆ, ವಸಡು ಇನ್ನೂ ಪಳಗಬೇಕು ಎಂದು ಡಾಕ್ಟರು ಹೇಳಿದ್ದಾರೆ ಎನ್ನುತ್ತೇನೆ. ಅದರಿಂದಲೇ ಠಾಣೆಯ ಆ ಸಂಗ್ರಾಹಕನಿಗೆ ನಾನು ಎಣಿಸಿ ಕೊಟ್ಟದ್ದು ನಾಲ್ಕುನೂರೂ ಅಲ್ಲ, ಐನೂರೂ ಅಲ್ಲ. ಮೂವತ್ತೆಂಟು ಸಾವಿರದ ಏಳುನೂರು ರೂಪಾಯಿ.